ಶೆಡ್ಡಿನಲ್ಲಿ ಸ್ಕೀಯಿಂಗ್: ಎಂಟು ವಾರದ ಲೆಕ್ಕ

ಕುವೆಂಪುನಗರದಲ್ಲಿ ನಮ್ಮ ಮನೆ ತಾರಸಿ ಮೇಲೆ ಒಂದು ಶೀಟಿನ ಶೆಡ್ಡಿದೆ. ಅಲ್ಲೇ ಗೋಡೆಗೆ ಬಿಗಿದ ಸೆಕೆಂಡ್ ಹ್ಯಾಂಡ್ ಸ್ಕೀಅರ್ಗ್, ಅಂದರೆ ಸ್ಕೀಯಿಂಗ್ ಕಸರತ್ತಿನ ಮೆಷಿನ್. ಮೇಲಿಂದ ಎರಡು ಹಗ್ಗ ಇಳಿಬಿದ್ದಿವೆ, ತುದಿಯಲ್ಲಿ ಹಿಡಿಗಳು. ಎರಡನ್ನೂ ಒಟ್ಟಿಗೆ ಕೆಳಗೆಳೆದರೆ ಮೇಲಿರುವ ಫ್ಯಾನ್ ತಿರುಗುತ್ತದೆ. ಎರಡು ಕೋಲನ್ನೂ ಒಟ್ಟಿಗೆ ಊರಿ ಹಿಮದ ಮೇಲೆ ಮುಂದೆ ಹೋಗುವ ‘ಡಬಲ್ ಪೋಲಿಂಗ್’ಗೆ ಇದು ಹತ್ತಿರದ ಕಸರತ್ತು.

ಮೈಸೂರಲ್ಲಿ ಹಿಮ ಎಲ್ಲಿದೆ ಅಂತ ಪಕ್ಕದ ಮನೆಯವರು ದಿನಾ ಕೇಳುತ್ತಾರೆ. ಪಕ್ಕದ ಕೊಡಗಿನಲ್ಲೂ ಇಲ್ಲ, ಆದರೂ ಅಲ್ಲಿನ ಭವಾನಿ ತೆಕ್ಕಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಹೆಸರು ಮಾಡಿಲ್ವಾ! ನನ್ನ ಆಸೆ ಚಿಕ್ಕದು. ಬರುವ ಚಳಿಗಾಲದಲ್ಲಿ ಗುಲ್ಮಾರ್ಗ್‌ಗೆ ಹೋಗಿ ಬೀಳದೆ ಐದು ಕಿಲೋಮೀಟರ್ ಮುಗಿಸಬೇಕು.

ವಾರ 1. ಮೊದಲ ಟೆಸ್ಟ್, 1000 ಮೀಟರ್. 4:40. ಅಂದರೆ 500 ಮೀಟರಿಗೆ 2:20, ಸುಮಾರು 128 ವ್ಯಾಟ್. ಈ ‘ಮೀಟರ್’ ಹಿಮದ ಮೀಟರ್ ಅಲ್ಲ. ಫ್ಯಾನಿಗೆ ಕೊಟ್ಟ ಶಕ್ತಿಯಿಂದ ಮೆಷಿನ್ ಹಾಕುವ ಲೆಕ್ಕ ಅದು. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹತ್ತು ಪರ್ಸೆಂಟ್ ಜೋರಾಗಿ ಹೋಗಬೇಕಾದರೆ ಮೂವತ್ಮೂರು ಪರ್ಸೆಂಟ್ ಜಾಸ್ತಿ ಶಕ್ತಿ ಬೇಕು. ಹಾಗಾಗಿ ಒಂದೊಂದು ಸೆಕೆಂಡಿಗೂ ಬೆವರು ಸುರಿಸಬೇಕು.

ಅದೇ ವಾರ ರಿಂಗ್ ರೋಡಿನ ಪಕ್ಕದ ಖಾಲಿ ರಸ್ತೆಯಲ್ಲಿ ರೋಲರ್ ಸ್ಕೀ (ಚಕ್ರ ಇರುವ ಸ್ಕೀ) ಕಟ್ಟಿಕೊಂಡು, ಕೋಲು ಊರುತ್ತಾ 2 ಕಿಲೋಮೀಟರ್ ಹೋದೆ. 8:50.

ವಾರ 2. ಡ್ಯಾಂಪರ್ 10ಕ್ಕೆ ಇಟ್ಟೆ, ಕಷ್ಟ ಜಾಸ್ತಿ ಇದ್ದರೆ ಒಳ್ಳೇದು ಅಂದುಕೊಂಡು. ದಡ್ಡತನ. 600 ಮೀಟರಿಗೆ ರಟ್ಟೆ ಕಲ್ಲಾಯಿತು. 4:46. ಡ್ಯಾಂಪರ್ ಅನ್ನೋದು ಸೈಕಲ್ಲಿನ ಗೇರ್ ಇದ್ದ ಹಾಗೆ, ಅಷ್ಟೇ. ಫ್ಯಾನಿಗೆ ಎಷ್ಟು ಗಾಳಿ ಬಿಡಬೇಕು ಅಂತ ಅದು ಹೇಳುತ್ತದೆ. ವಾಪಸ್ 5ಕ್ಕೆ ಇಳಿಸಿದೆ.

ವಾರ 4. ಡ್ಯಾಂಪರ್ ಮುಟ್ಟಿಲ್ಲ, ಆದರೂ ಹಗ್ಗ ಹಗುರ ಅನ್ನಿಸಿತು. ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಗಾಳಿ ಫ್ಯಾನನ್ನು ಎಷ್ಟು ತಡೆಯುತ್ತಿದೆ ಅಂತ ಮೆಷಿನ್ ತೋರಿಸುವ ಅಂಕಿ, ನೋಡಿದರೆ 78. ಮೊದಲ ದಿನ 96 ಇತ್ತು. ಜಾಲರಿ ಬಿಚ್ಚಿದೆ, ಒಳಗೆ ಬೂದು ಬಣ್ಣದ ಧೂಳಿನ ಪದರ, ಹತ್ತಿಯ ಹಾಸಿಗೆ ತರಹ. ಪೇಂಟ್ ಬ್ರಷ್ಷಿನಲ್ಲಿ ಗುಡಿಸಿದ ಮೇಲೆ ಮತ್ತೆ 96. ಎಳೆದ ಹಗ್ಗ ಮೇಲೆ ಹೋಗುವಾಗ ಫ್ಯಾನ್ ಎಷ್ಟು ಬೇಗ ನಿಧಾನವಾಗುತ್ತದೆ ಅಂತ ಮೆಷಿನ್ ಪ್ರತಿ ಸಲ ಅಳೆಯುತ್ತದೆ. ಹಾಗಾಗಿ ವ್ಯಾಟ್ ಲೆಕ್ಕ ಕೆಡೋದಿಲ್ಲ. ಆದರೆ ಕೈಗೆ ಸಿಗುವ ಅನುಭವ ಬೇರೆಯಾಗುತ್ತದೆ, ಎಳೆಯುವ ಲಯ ತಪ್ಪುತ್ತದೆ. ಈಗ ಪ್ರತಿ ಟೆಸ್ಟಿಗೂ ಮೊದಲು ಆ ಅಂಕಿ ಬರೆದಿಡುತ್ತೇನೆ.

ವಾರ 5. ಸಂಜೆ ನಾಲ್ಕಕ್ಕೆ ಟೆಸ್ಟ್ ಮಾಡಿದೆ. ಶೀಟು ಕಾದು ಒಳಗೆ ಬೇಯುತ್ತಿತ್ತು. ಬೆಳಿಗ್ಗೆ ಇದೇ ವೇಗಕ್ಕೆ 168 ಇದ್ದ ಹೃದಯ ಬಡಿತ 177 ಆಯಿತು. ಇನ್ನು ಮೇಲೆ ಬೆಳಿಗ್ಗೆ ಆರಕ್ಕೇ, ಟೇಬಲ್ ಫ್ಯಾನ್ ಇಟ್ಟುಕೊಂಡು.

ವಾರ 6. ಮಂಡ್ಯದಿಂದ ಅಜ್ಜಿ ಬಂದಿದ್ದರು. ಶೆಡ್ಡಿನ ಬಾಗಿಲಲ್ಲಿ ಎಲೆಯಡಿಕೆ ಹಾಕಿಕೊಂಡು ಎರಡು ನಿಮಿಷ ನೋಡಿದರು. “ಏನ್ಲಾ ಮಗಾ, ಬೋರಿಂಗ್ ಒತ್ತೋಕೆ ಬರಾಕಿಲ್ವಾ? ರಟ್ಟೇಲಿ ಎಳೀಬ್ಯಾಡ, ಮೈ ಭಾರ ಬುಡ್ಲಾ ಅದ್ರ ಮ್ಯಾಲೆ.”

ಕೈಪಂಪಿನಲ್ಲಿ ಕೊಡ ತುಂಬಿಸಿದವರಿಗೆ ಇದು ಹುಟ್ಟಿನಿಂದಲೇ ಗೊತ್ತು. ನಾನು ಬರೀ ತೋಳಲ್ಲಿ ಜಗ್ಗುತ್ತಿದ್ದೆ. ಹಿಮ್ಮಡಿ ಎತ್ತಿ, ಸೊಂಟ ಮುಂದೆ ತಂದು, ಮೊಣಕೈ ಬಾಗಿಸಿಟ್ಟುಕೊಂಡೇ ಹೊಟ್ಟೆ ಮಡಿಸಿ ಹಗ್ಗದ ಮೇಲೆ ಬಿದ್ದೆ. ತೋಳಿನ ಕೆಲಸ ಕೊನೆಯಲ್ಲಿ ಮಾತ್ರ. ಮೊದಲ ಎಳೆತಕ್ಕೇ ಫ್ಯಾನಿನ ಸದ್ದು ಬದಲಾಯಿತು. ಆ ಭಾನುವಾರ 4:27.

ವಾರ 8. 4:20. ಸುಮಾರು 159 ವ್ಯಾಟ್, ಅಂದರೆ ಶಕ್ತಿ ಕಾಲು ಭಾಗ ಏರಿದೆ. ಬೀಗುತ್ತಾ ರಿಂಗ್ ರೋಡಿಗೆ ಹೋದೆ. ಅದೇ 2 ಕಿಲೋಮೀಟರ್, 8:41. ಒಂಬತ್ತೇ ಸೆಕೆಂಡ್! ಮೆಷಿನ್ನಿನಲ್ಲಿ ವೇಗ ಏರಿದಷ್ಟೇ ಇಲ್ಲೂ ಏರಿದ್ದರೆ ಸುಮಾರು 38 ಸೆಕೆಂಡ್ ಇಳಿಯಬೇಕಿತ್ತು.

ವಿಡಿಯೋ ನೋಡಿದರೆ ಕಾರಣ ಗೊತ್ತಾಗುತ್ತದೆ. ಮೆಷಿನ್ ಮುಂದೆ ನಿಂತಾಗ ಕಾಲಡಿ ನೆಲ ಜಾರೋದಿಲ್ಲ. ಎಷ್ಟು ಬಿದ್ದರೂ ಹಗ್ಗ ಹಿಡಿದುಕೊಳ್ಳುತ್ತದೆ. ರಸ್ತೆಯಲ್ಲಿ ನಾನು ಹೆದರಿ ಭಾರವನ್ನು ಹಿಂದಕ್ಕೆ ಇಟ್ಟುಕೊಂಡಿದ್ದೆ, ಕೋಲು ಪಾದಕ್ಕಿಂತ ತೀರಾ ಮುಂದೆ ಊರುತ್ತಿದ್ದೆ. ಶೆಡ್ಡಿನಲ್ಲಿ ಗಳಿಸಿದ್ದೆಲ್ಲ ಟಾರಿನ ಮೇಲೆ ಸೋರಿಹೋಗುತ್ತಿತ್ತು. ಜೊತೆಗೆ ನನ್ನ 78 ಕೆಜಿ. ಮೆಷಿನ್ನಿನಲ್ಲಿ ಭಾರ ನನಗೆ ಸಹಾಯ, ಏರಿನಲ್ಲಿ ಅದನ್ನೇ ಹೊರಬೇಕು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಹಾಕಿದ್ದೇನೆ: ಕೆಜಿಗೆ ಎಷ್ಟು ವ್ಯಾಟ್. ಈ ವಾರ 2.04.

ಮುಂದಿನ ತಿಂಗಳು ವಾರಕ್ಕೆ ಮೆಷಿನ್ ಎರಡು ದಿನ, ರಸ್ತೆ ಮೂರು ದಿನ. ಕೋಲಿನ ಟಕ್ ಟಕ್ ಸದ್ದಿಗೆ ತಿರುವಿನ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಆ 200 ಮೀಟರಿನಲ್ಲಿ ಮಾತ್ರ ನನ್ನ ಭಂಗಿ ಸರಿಯಾಗಿದೆ ಅಂತ ವಿಡಿಯೋ ತೆಗೆದ ತಮ್ಮ ಹೇಳುತ್ತಾನೆ. ಬಿಸ್ಕತ್ತು ಒಯ್ಯೋಣ ಅಂದುಕೊಂಡಿದ್ದೆ, ಈಗ ಬೇಡ ಅನ್ನಿಸುತ್ತಿದೆ.