ಎರಡು ಮೆಮೊರಿಗಳ ನಡುವಿನ ಓಣಿ

ಕಳೆದ ಜುಲೈಯ ಒಂದು ಶುಕ್ರವಾರ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಎಂದಿನಂತೆ ನೀರು ನಿಂತಿತ್ತು. ಜಿಲ್ಲಾಡಳಿತ ಹಿಂದಿನ ರಾತ್ರಿಯೇ ಪಿಯು ಕಾಲೇಜುಗಳವರೆಗೆ ರಜೆ ಸಾರಿದ್ದರಿಂದ ಅಕ್ಕನ ಮಗಳು ನಮ್ಮ ಮನೆಯಲ್ಲೇ ಉಳಿದಿದ್ದಳು. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿಎಲ್‌ಎಸ್‌ಐ, ಅಂದರೆ ಚಿಪ್ ವಿನ್ಯಾಸದ ಪಾಠ ಮಾಡುವ ನಾನೂ ಒಂದು ದಿನದ ರಜೆ ಹಾಕಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದೆ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಸಣ್ಣದೊಂದು ಪ್ರೊಸೆಸರಿನ ಲೇಔಟ್ (ಚಿಪ್ಪಿನ ಮೇಲೆ ಬಿಡಿಭಾಗ, ತಂತಿಗಳು ಎಲ್ಲೆಲ್ಲಿ ಎಂಬ ನಕ್ಷೆ) ಮಾಡುತ್ತಿದ್ದೆವು. ಗೂಗಲ್ ಮತ್ತು ಸ್ಕೈವಾಟರ್ ಕಂಪೆನಿಗಳು 2020ರಲ್ಲಿ ಎಲ್ಲರಿಗೂ ತೆರೆದಿಟ್ಟ 130 ನ್ಯಾನೋಮೀಟರ್ ಚಿಪ್ ತಯಾರಿಕಾ ಪ್ರಕ್ರಿಯೆ, ಲೇಔಟ್ ಸಿದ್ಧಪಡಿಸುವ ಓಪನ್‌ಲೇನ್ ಎಂಬ ಮುಕ್ತ ತಂತ್ರಾಂಶ. ಖರ್ಚೆಂದರೆ ನಮ್ಮ ನಿದ್ದೆ ಮಾತ್ರ.

ರಾತ್ರಿ ಓಡಲು ಬಿಟ್ಟಿದ್ದ ರೂಟರ್, ಅಂದರೆ ತಂತಿಗಳಿಗೆ ದಾರಿ ಹುಡುಕಿ ಎಳೆಯುವ ತಂತ್ರಾಂಶ, ಬೆಳಗಾಗುವಾಗ 64 ಸುತ್ತುಗಳನ್ನು ಮುಗಿಸಿ, 212 ಡಿಆರ್‌ಸಿ ತಪ್ಪುಗಳನ್ನು (ತಂತಿಗಳ ಅಗಲ, ಅಂತರದ ನಿಯಮ ಮುರಿದ ಜಾಗಗಳನ್ನು) ಉಳಿಸಿ ನಿಂತಿತ್ತು. ಮೊದಲ ಸುತ್ತಿನಲ್ಲಿ ಸಾವಿರಗಟ್ಟಲೆ ಇದ್ದ ತಪ್ಪುಗಳು ಮೊದಮೊದಲು ಭರದಿಂದ ಇಳಿದು, ಆಮೇಲೆ ಇನ್ನೂರರ ಆಸುಪಾಸಿನಲ್ಲೇ ಏರುತ್ತ ಇಳಿಯುತ್ತ ಇದ್ದವು ಎಂಬುದು ಲಾಗ್ ಫೈಲಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಅದನ್ನು ನಾನು ಓದಿದೆ, ಆದರೆ ಅದು ಏನು ಹೇಳುತ್ತಿದೆ ಎಂದು ಯೋಚಿಸಲಿಲ್ಲ. ಇನ್ನೂರು ತಾನೇ, ಕೈಯಿಂದಲೇ ಸರಿಪಡಿಸುವ ಎಂದು, ಲೇಔಟ್ ನೋಡಿ ತಿದ್ದುವ ಕೆಲೇಔಟ್ ತಂತ್ರಾಂಶ ತೆರೆದೆ.

ಈ ಪ್ರಕ್ರಿಯೆಯಲ್ಲಿ ಎರಡನೇ ಲೋಹಪದರದ ತಂತಿ ಕನಿಷ್ಠ 0.14 ಮೈಕ್ರೋಮೀಟರ್ ಅಗಲ ಇರಬೇಕು, ಪಕ್ಕದ ತಂತಿಯಿಂದ ಅಷ್ಟೇ ದೂರ ಇರಬೇಕು. ಒಂದು ತಂತಿಯನ್ನು ಎಡಕ್ಕೆ ಸರಿಸಿದರೆ ಅದು ಆಚೆಯದಕ್ಕೆ ತಾಗುತ್ತದೆ. ಆಚೆಯದನ್ನು ಮೇಲಿನ ಪದರಕ್ಕೆ ಎತ್ತಿದರೆ ಅಲ್ಲಿ ಇಡಬೇಕಾದ ವಯಾ (ಪದರಗಳನ್ನು ಜೋಡಿಸುವ ಕೊಂಡಿ) ಇನ್ನೊಂದು ವಯಾದ ಮೈಮೇಲೆ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ 40 ತಪ್ಪುಗಳನ್ನು ತಿದ್ದಿದ್ದೆ. ಪರೀಕ್ಷೆ ಓಡಿಸಿ ನೋಡಿದರೆ ಒಟ್ಟು ಲೆಕ್ಕ 219ಕ್ಕೆ ಏರಿತ್ತು.

"ಮಾಮ, ಇದನ್ನೆಲ್ಲ ಕಂಪ್ಯೂಟರೇ ಎಳೆಯುವುದಲ್ವಾ? ಮತ್ತೆ ನೀವು ಎಂತ ಮಾಡುವುದು?" ಎಂದು ಹುಡುಗಿ ಕೇಳಿದಳು.

ಸಿಟ್ಟು ಬಂದರೂ ಪ್ರಶ್ನೆ ನ್ಯಾಯವಾದದ್ದೇ. ಜಗಲಿಯ ಟೈಲ್ಸ್ ಚೌಕಗಳ ಮೇಲೆ ಚಾಕ್ ಹಿಡಿದು, ಅಡ್ಡಿಗೆಂದು ಎರಡು ಮಣೆಗಳನ್ನು ಇಟ್ಟು, ಬೆಲ್ ಲ್ಯಾಬ್ಸಿನ ಸಿ. ವೈ. ಲೀ 1961ರಲ್ಲಿ ಪ್ರಕಟಿಸಿದ ವಿಧಾನವನ್ನು ಅವಳಿಗೆ ತೋರಿಸಿದೆ. ಹೊರಡುವ ಚೌಕದ ಸುತ್ತಲಿನ ಚೌಕಗಳಿಗೆ 1, ಅವುಗಳ ನೆರೆಯವಕ್ಕೆ 2, ಆಮೇಲೆ 3. ಹೀಗೆ ಅಂಗಳಕ್ಕೆ ನೀರು ನುಗ್ಗಿದಂತೆ ಅಂಕಿಗಳು ಹರಡುತ್ತ ಮಣೆಯನ್ನು ಬಳಸಿಕೊಂಡು ಗುರಿ ಮುಟ್ಟುತ್ತವೆ. ಅಲ್ಲಿಂದ ಒಂದೊಂದೇ ಅಂಕಿ ಇಳಿಯುತ್ತ ಹಿಂದಕ್ಕೆ ಬಂದರೆ ಅದೇ ಅತಿ ಹತ್ತಿರದ ದಾರಿ. ದಾರಿ ಎಂಬುದು ಇದ್ದರೆ ಈ ವಿಧಾನಕ್ಕೆ ಅದು ಸಿಕ್ಕೇ ಸಿಗುತ್ತದೆ. ಆದರೆ ಒಮ್ಮೆಗೆ ಒಂದೇ ತಂತಿ; ಮೊದಲು ಎಳೆದದ್ದು ಆಮೇಲಿನದಕ್ಕೆ ಗೋಡೆಯಾಗುತ್ತದೆ. ಎರಡನೆಯ ತಂತಿ ಎಳೆಯುವಷ್ಟರಲ್ಲಿ ಅವಳಿಗೆ ಬೇಸರ ಬಂದು ಮೊಬೈಲ್ ಹಿಡಿದಳು.

ಅಡುಗೆಮನೆಯಲ್ಲಿ ಅಮ್ಮ ಅಂಜಲ್ ಮೀನಿನ ಬೆಲೆಗೆ ಶಾಪ ಹಾಕುತ್ತಿದ್ದರು. ಯಾಂತ್ರಿಕ ದೋಣಿಗಳು ಜೂನ್, ಜುಲೈ ಎರಡು ತಿಂಗಳೂ ಕಡಲಿಗೆ ಇಳಿಯುವಂತಿಲ್ಲ. ಬೆಲೆ ಏರುತ್ತದೆ, ಏರಿದಂತೆ ಕೆಲವರು ಒಣಮೀನಿಗೆ, ಕೆಲವರು ಹೆಸರುಕಾಳಿಗೆ ಇಳಿಯುತ್ತಾರೆ, ಅದೇ ಬೇಕೆನ್ನುವವರಿಗೆ ಮಾತ್ರ ಅಂಜಲ್. ಮ್ಯಾಕ್‌ಮರ್ಚಿ ಮತ್ತು ಎಬೆಲಿಂಗ್ 1995ರಲ್ಲಿ ಎಫ್‌ಪಿಜಿಎಗಳಿಗಾಗಿ (ತಯಾರಾದ ಮೇಲೂ ಒಳಜೋಡಣೆ ಬದಲಿಸಬಹುದಾದ ಚಿಪ್ಪುಗಳಿಗಾಗಿ) ಬರೆದ ಪಾತ್‌ಫೈಂಡರ್ ಕ್ರಮವೂ ಹೆಚ್ಚುಕಡಿಮೆ ಇದೇ ವ್ಯಾಪಾರ. ಮೊದಲು ಎಲ್ಲ ತಂತಿಗಳಿಗೂ ಇಷ್ಟ ಬಂದ ದಾರಿ ಹಿಡಿಯಲು ಬಿಡುವುದು, ಒಂದೇ ಜಾಗಕ್ಕೆ ಮುಗಿಬಿದ್ದಲ್ಲಿ ಆ ಜಾಗದ ದರವನ್ನು ಸುತ್ತುಸುತ್ತಿಗೂ ಏರಿಸುವುದು. ಬೇರೆ ದಾರಿ ಇರುವ ತಂತಿಗಳು ತಾವಾಗಿಯೇ ಸರಿದುಕೊಳ್ಳುತ್ತವೆ. ನಮ್ಮ ರೂಟರ್ ಕೂಡ ಇಂಥ ದಂಡವನ್ನು ಏರಿಸುತ್ತಲೇ 64 ಸುತ್ತು ಹಾಕಿತ್ತು. ಆದರೂ ಇನ್ನೂರು ತಪ್ಪುಗಳು ಉಳಿದಿವೆಯೆಂದರೆ ಆ ತಂತಿಗಳಿಗೆ ಬೇರೆ ದಾರಿಯೇ ಇಲ್ಲ ಎಂದಲ್ಲವೇ? ತಟ್ಟೆಯ ಮುಂದೆ ಕುಳಿತವನು ಎದ್ದು ಬಂದು ದಟ್ಟಣೆಯ ನಕ್ಷೆ ತೆರೆದೆ. ಬೆಳಗ್ಗೆ ಮೊದಲು ನೋಡಬೇಕಾಗಿದ್ದುದೇ ಅದು.

ನಕ್ಷೆಯಲ್ಲಿ ಕೆಂಪು ಇದ್ದುದು ಒಂದೇ ಕಡೆ, ಚಿಪ್ಪಿನ ನಡುವೆ ನಾನು ಪಕ್ಕಪಕ್ಕದಲ್ಲಿ ಕೂರಿಸಿದ್ದ ಎರಡು ಮೆಮೊರಿ ಬ್ಲಾಕುಗಳ ಸಂದಿಯಲ್ಲಿ. ಎಡಬಲ ಸಮನಾಗಿ ಅಂದವಾಗಿ ಕಾಣಲಿ ಎಂದು ಹಾಗೆ ಇಟ್ಟಿದ್ದೆ, ಎರಡರ ಪಿನ್ನುಗಳೂ ಒಂದನ್ನೊಂದು ಮುಖ ನೋಡುತ್ತಿದ್ದವು. ಮೆಮೊರಿಯ ಒಳಗೆ ಕೆಳಗಿನ ನಾಲ್ಕು ಲೋಹಪದರಗಳು ಬಳಕೆಯಾಗಿರುತ್ತವೆ; ಮೇಲೆ ಉಳಿಯುವ ಐದನೆಯದನ್ನು ವಿದ್ಯುತ್ ಪೂರೈಕೆಯ ಪಟ್ಟಿಗಳಿಗೆ ಮೀಸಲಿಟ್ಟಿದ್ದೆ. ಹಾಗಾಗಿ ಆ ಪಿನ್ನುಗಳ ತಂತಿಗಳೆಲ್ಲ ಓಣಿಯಲ್ಲೇ ಉದ್ದಕ್ಕೆ ಸಾಗಬೇಕು. ಓಣಿಯ ಅಗಲ 20 ಮೈಕ್ರೋಮೀಟರ್. ಉದ್ದುದ್ದ ಹೋಗುವ ಎರಡನೇ ಪದರದಲ್ಲಿ 0.46 ಮೈಕ್ರೋಮೀಟರಿಗೊಂದು ಹಾದಿಯಂತೆ 43, ನಾಲ್ಕನೇ ಪದರದಲ್ಲಿ 0.92ಕ್ಕೊಂದರಂತೆ 21, ಒಟ್ಟು 64 ಹಾದಿಗಳು. ಹಾಯಬೇಕಾದ ತಂತಿಗಳು ನೂರು ಮೀರಿದ್ದವು. ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಐದು ನಿಮಿಷದಲ್ಲಿ ಮುಗಿಯುವ ಭಾಗಾಕಾರ ಇದು.

ಯಂತ್ರವೂ ಎಚ್ಚರಿಸದೆ ಇರಲಿಲ್ಲ. ಸ್ಥೂಲವಾಗಿ ದಾರಿ ಗೊತ್ತುಮಾಡುವ ಗ್ಲೋಬಲ್ ರೂಟರ್ ವಿವರವಾದ ರೂಟಿಂಗ್‌ಗೆ ಮೊದಲೇ ಜಾಗ ಸಾಲದೆಂದು ನಿಂತುಬಿಡುತ್ತದೆ. ಆದರೆ ದಟ್ಟಣೆ ಇದ್ದರೂ ಮುಂದುವರಿಯಲು ಬಿಡುವ ಒಂದು ಆಯ್ಕೆ ಓಪನ್‌ಲೇನಿನಲ್ಲಿದೆ, ಅದನ್ನು ಹಿಂದಿನ ವಾರ ಅವಸರದಲ್ಲಿ ಸೇರಿಸಿದವನು ನಾನೇ. ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಇದನ್ನು ಹೇಳುವಾಗ ಸ್ವಲ್ಪ ಮುಜುಗರವಾಯಿತು. ದಟ್ಟಣೆ ಎಂಬ ಪದವೂ ಮೋಸದ್ದೇ ಎಂದು ಅನಿಸುತ್ತದೆ. ನಂತೂರಿನಲ್ಲಿ ಸಿಕ್ಕಿಬಿದ್ದ ಬಸ್ಸು ಅರ್ಧ ಗಂಟೆಗಾದರೂ ಮುಂದೆ ಹೋಗುತ್ತದೆ, ಎಳೆದ ತಂತಿ ಎಳೆದಲ್ಲೇ ಇರುತ್ತದೆ.

ಕೈಯಿಂದ ತಿದ್ದಿದ್ದನ್ನೆಲ್ಲ ಅಳಿಸಿದೆ. ಆ ಆಯ್ಕೆಯನ್ನು ತೆಗೆದೆ. ಒಂದು ಮೆಮೊರಿಯನ್ನು ಎಡ ಅಂಚಿಗೂ ಇನ್ನೊಂದನ್ನು ಬಲ ಅಂಚಿಗೂ ದೂಡಿ, ಪಿನ್ನುಗಳು ನಡುವಿನ ತರ್ಕಕೋಶಗಳ (ಲಾಜಿಕ್ ಸೆಲ್‌ಗಳ) ಕಡೆಗೆ ಮುಖ ಮಾಡಿರುವಂತೆ ಇಟ್ಟು ಸಂಜೆ ಐದಕ್ಕೆ ಮತ್ತೆ ಓಡಿಸಿದೆ. ನಡುವೆ ಎರಡು ಸಲ ಕರೆಂಟ್ ಹೋಗಿ ಇನ್ವರ್ಟರ್ ಕೈಹಿಡಿಯಿತು. ರಾತ್ರಿ ಹನ್ನೊಂದರ ಹೊತ್ತಿಗೆ, ಒಂಬತ್ತನೇ ಸುತ್ತಿನಲ್ಲಿ, ತಪ್ಪುಗಳ ಸಂಖ್ಯೆ ಸೊನ್ನೆಗೆ ಬಂತು.

ಆಮೇಲಿನ ಪರೀಕ್ಷೆಯಲ್ಲಿ ಏಳು ಆಂಟೆನಾ ದೋಷಗಳು ಕಾಣಿಸಿಕೊಂಡವು. ತಯಾರಿಕೆಯ ಹಂತದಲ್ಲಿ ಉದ್ದ ತಂತಿಗಳಲ್ಲಿ ವಿದ್ಯುದಂಶ ಸೇರಿ ಟ್ರಾನ್ಸಿಸ್ಟರಿನ ಗೇಟ್ ಆಕ್ಸೈಡ್ ಎಂಬ ತೆಳು ನಿರೋಧಕ ಪದರವನ್ನು ಕೆಡಿಸಬಹುದು. ಡಯೋಡ್ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ ಕೆಲಸವನ್ನು ವಿದ್ಯಾರ್ಥಿಗಳಿಗೆ ಸೋಮವಾರಕ್ಕೆ ಬಿಟ್ಟು, ಜಗಲಿಯ ಮಣೆಗಳನ್ನು ಎತ್ತಿ ಒಳಗಿಟ್ಟು ಮಲಗಿದೆ.