ಕಚ್ಚುವ ಬಲದ ಕೈಮಾಪಕ: ಎರಡನೆಯ ಮಾದರಿ ತಲುಪಿರುವ ಹಂತ

ಕೃತಕ ದಂತಪಂಕ್ತಿ ಹಾಕಿಸಿಕೊಂಡ ಮೇಲೆ ಅಮ್ಮ ಚಕ್ಕುಲಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ಕಂಡು, ಅವರು ಎಷ್ಟು ಬಲದಿಂದ ಕಚ್ಚಬಲ್ಲರೆಂದು ಅಳೆಯುವ ಸಾಧನವೊಂದನ್ನು ಕಟ್ಟಲು ತೊಡಗಿದೆ. ಆರೋಗ್ಯವಂತ ವಯಸ್ಕರ ದವಡೆಹಲ್ಲುಗಳ ನಡುವೆ ಸಾಮಾನ್ಯವಾಗಿ 300ರಿಂದ 700 ನ್ಯೂಟನ್ ಬಲ ಉಂಟಾಗುತ್ತದೆ. ಪೂರ್ಣ ದಂತಪಂಕ್ತಿ ಧರಿಸಿದವರಲ್ಲಿ ಅದು ಬಹಳ ಕಡಿಮೆ. ಹಾಗಾಗಿ ದೊಡ್ಡ ಬಲಕ್ಕೆ ಬಗ್ಗಿಹೋಗದೆ, ಸಣ್ಣ ಬಲವನ್ನೂ ಸರಿಯಾಗಿ ತೋರಿಸುವ ಸಾಧನ ಬೇಕು.

ಮೊದಲ ಮಾದರಿಯಲ್ಲಿ ಇಕ್ಕಳದಂತೆ ಹಿಂಬದಿಯಲ್ಲಿ ಕೂಡಿಕೊಂಡ ಎರಡು ಸ್ಟೀಲ್ ಪಟ್ಟಿಗಳಿದ್ದವು. ಮೇಲಿನ ಪಟ್ಟಿಯ ಒಂದೇ ಜಾಗದಲ್ಲಿ, ಅದರ ಎರಡೂ ಮೈಗಳಿಗೆ ಸ್ಟ್ರೈನ್ ಗೇಜ್ (ಪಟ್ಟಿ ಬಾಗಿದಾಗ ತಾನೂ ಹಿಗ್ಗಿ ಕುಗ್ಗಿ ವಿದ್ಯುತ್ ರೋಧ ಬದಲಿಸುವ ತೆಳು ಹಾಳೆ) ಅಂಟಿಸಿದ್ದೆ. ಗೇಜ್‌ನಿಂದ 40 ಮಿ.ಮೀ. ದೂರದಲ್ಲಿ 20 ಕಿಲೋ ತೂಕ ನೇತುಹಾಕಿ ಅಳತೆ ಹೊಂದಿಸಿದೆ. ಅದೇ ತೂಕವನ್ನು ತುದಿಯ ಕಡೆಗೆ 5 ಮಿ.ಮೀ. ಸರಿಸಿದಾಗ 22.5 ಕಿಲೋ ಎಂದೂ, ಹಿಂದಕ್ಕೆ ಸರಿಸಿದಾಗ 17.5 ಎಂದೂ ತೋರಿಸಿತು. ಹಲ್ಲು ಪ್ರತಿ ಸಲವೂ ಒಂದೇ ಬಿಂದುವಿನ ಮೇಲೆ ಕೂರುವುದಿಲ್ಲವಾದ್ದರಿಂದ ಇಂಥ ಅಳತೆಯಿಂದ ಪ್ರಯೋಜನವಿಲ್ಲ.

ಪರಿಹಾರ ಸನ್ನೆಕೋಲಿನ ಲೆಕ್ಕದಲ್ಲೇ ಇತ್ತು. ಒಂದು ಜಾಗದ ಬಾಗುವಿಕೆಯು ಬಲ ಮತ್ತು ಅದರ ದೂರ ಎರಡನ್ನೂ ಅವಲಂಬಿಸಿದೆ. ಆದರೆ 25 ಮಿ.ಮೀ. ಅಂತರದ ಎರಡು ಜಾಗಗಳ ಬಾಗಿಸುವ ಪರಿಣಾಮಗಳನ್ನು ಕಳೆದರೆ, ಕಚ್ಚಿದ ಬಿಂದು ಎಲ್ಲೇ ಇರಲಿ, ಉಳಿಯುವುದು ಬಲ ಮತ್ತು ಆ 25 ಮಿ.ಮೀ.ಗಳ ಗುಣಲಬ್ಧ ಮಾತ್ರ. ಎರಡನೆಯ ಮಾದರಿಯಲ್ಲಿ ನಾಲ್ಕು ಗೇಜ್‌ಗಳನ್ನು ವೀಟ್‌ಸ್ಟನ್ ಸೇತುವೆಯಾಗಿ, ಅಂದರೆ ರೋಧಗಳ ಸಣ್ಣ ವ್ಯತ್ಯಾಸವನ್ನು ವೋಲ್ಟೇಜ್ ಆಗಿ ತೋರಿಸುವ ವಿದ್ಯುತ್ ಮಂಡಲವಾಗಿ, ಜೋಡಿಸಿದ್ದರಿಂದ ಈ ವ್ಯವಕಲನ ತಂತಿಗಳಲ್ಲೇ ನಡೆಯುತ್ತದೆ. ಈಗ 20 ಕಿಲೋ ತೂಕವನ್ನು, ಅಂದರೆ ಸುಮಾರು 196 ನ್ಯೂಟನ್ ಬಲವನ್ನು, ಎತ್ತ ಸರಿಸಿದರೂ ಸಾಧನ 194ರಿಂದ 198ರೊಳಗೇ ತೋರಿಸುತ್ತದೆ. ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. 17ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಬೊರೆಲ್ಲಿ ಕೆಳಗಿನ ದವಡೆಹಲ್ಲುಗಳಿಗೆ ಹಗ್ಗ ಹಾಕಿ ತೂಕ ನೇತುಹಾಕಿಯೇ ಕಚ್ಚುವ ಬಲವನ್ನು ಅಳೆದಿದ್ದರು.

ಸೇತುವೆಯ ಸಣ್ಣ ವೋಲ್ಟೇಜನ್ನು ಅಂಕಿಗಳಾಗಿ ಬದಲಿಸುವ ಎಚ್‌ಎಕ್ಸ್ 711 ಚಿಪ್ ಸೆಕೆಂಡಿಗೆ 10 ಅಥವಾ 80 ಅಳತೆ ಕೊಡಬಲ್ಲದು. ನನ್ನ ಬೋರ್ಡ್‌ನಲ್ಲಿ ಅದನ್ನು 10ಕ್ಕೆ ಕಟ್ಟಿಹಾಕಲಾಗಿತ್ತು. ಗರಿಷ್ಠ ಬಲ ಕ್ಷಣಕಾಲ ಮಾತ್ರ ನಿಲ್ಲುವುದರಿಂದ ಆ ಸಂಪರ್ಕವನ್ನು ಬದಲಿಸಿ 80 ಮಾಡಿಕೊಂಡೆ. ಬಾಯೊಳಗೆ ಹೋಗುವ ಸಾಧನವಾದ್ದರಿಂದ ಚಾರ್ಜರ್ ಸಿಕ್ಕಿಸಿದಾಗ ಅಳತೆ ನಡೆಯದಂತೆ ಸ್ವಿಚ್ ಇಟ್ಟಿದ್ದೇನೆ.

ಬಾಯಿಯ ಬಿಸಿಗೆ ಸೊನ್ನೆಯ ಗುರುತು ನಿಧಾನವಾಗಿ ಸರಿಯುವುದು ಇನ್ನೂ ನಿಂತಿಲ್ಲ. ಸಾಧನವನ್ನು ಬಾಯೊಳಗಿಟ್ಟು, ಕಚ್ಚುವ ಮುನ್ನ ಒತ್ತಿ ಸೊನ್ನೆ ಹೊಂದಿಸಿಕೊಳ್ಳುವ ಗುಂಡಿಯೊಂದನ್ನು ಮುಂದಿನ ವಾರ ಸೇರಿಸುತ್ತೇನೆ. ಹಲ್ಲಿಗೆ ಪೆಟ್ಟಾಗದಂತೆ ಸಿಲಿಕೋನ್ ಹೊದಿಕೆ ಸಿದ್ಧವಾದ ನಂತರವೇ ಅಮ್ಮನ ಕೈಗೆ ಕೊಡುತ್ತೇನೆ.