ತೋರುಬೆರಳಿನ ಗೆರೆ

ನನ್ನ ಬಲಗೈ ತೋರುಬೆರಳಿನ ಮೇಲೆ ಅರ್ಧ ಇಂಚಿನ ಗೆರೆಯೊಂದಿದೆ; ಐದು ವರ್ಷಗಳ ಹಿಂದೆ, ಮನೆಯ ಮೇಜಿನ ಮೇಲೆಯೇ, ಮಾದರಿ ವಿಮಾನದ ಪ್ರೊಪೆಲರ್ ಬಿಚ್ಚದೆ ಬ್ಯಾಟರಿ ಜೋಡಿಸಿದ ಅವಸರಕ್ಕೆ ಸಿಕ್ಕ ಪ್ರತಿಫಲವದು. 11.1 ವೋಲ್ಟ್ ಬ್ಯಾಟರಿಗೆ 1000 ಕೆವಿ (ಎಂದರೆ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತಿನ) ಮೋಟಾರು ಭಾರವಿಲ್ಲದೆ ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತದೆಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು, ಆದರೆ ಆ ಲೆಕ್ಕಕ್ಕೂ ನನ್ನ ಬೆರಳಿಗೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ. 2021ರ ಡ್ರೋನ್ ನಿಯಮಗಳು ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ ವಿಧಿಸಿರುವ 120 ಮೀಟರ್ ಎತ್ತರದ ಮಿತಿಯ ಬಗ್ಗೆ ನಮ್ಮ ಬಳಗದಲ್ಲಿ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ನೆಲದ ಮೇಲೆ ನಿಂತಿರುವ ವಿಮಾನದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಇಂದು ಬೆಳಿಗ್ಗೆ ಮೈದಾನದಲ್ಲಿ ಹೊಸ ಹುಡುಗನೊಬ್ಬ ರಿಮೋಟ್ ಆನ್ ಮಾಡುವ ಮೊದಲೇ ಬ್ಯಾಟರಿ ಜೋಡಿಸಲು ಹೊರಟಾಗ, "ತಡಿಯಪ್ಪಾ, ಮೊದಲು ರಿಮೋಟ್, ವೇಗದ ಕಡ್ಡಿ ಥ್ರಾಟಲ್ ಪೂರ್ತಿ ಕೆಳಗೆ, ಆಮೇಲೆ ಬ್ಯಾಟರಿ, ಇಳಿಸಿದ ಮೇಲೆ ಮೊದಲು ಬ್ಯಾಟರಿ ತೆಗೆ" ಎಂದೆ. ಹಳೆಯ ಮೇಷ್ಟರನ್ನು ನೋಡುವಂತೆ ನೋಡಿದ. ಬೆರಳು ತೋರಿಸಿದ ಮೇಲೆ ಮಾತಿಲ್ಲದೆ ಸ್ಪ್ಯಾನರ್ ಕೇಳಿ ಪಡೆದು, ಪ್ರೊಪೆಲರ್ ಬಿಚ್ಚಿಟ್ಟು, ಸಿಗ್ನಲ್ ತಪ್ಪಿದರೆ ಮೋಟಾರು ನಿಲ್ಲುತ್ತದೆಯೇ ಎಂದು ತಾನೇ ಎರಡೆರಡು ಸಲ ಪರೀಕ್ಷಿಸಿದ. ಅಷ್ಟರಲ್ಲಿ ಗಾಳಿ ಜೋರಾಯಿತು; ಇಬ್ಬರೂ ಹಾರಿಸದೆಯೇ ಮನೆಗೆ ಬಂದೆವು.